ಅಂಗೈಯಗಲದ ರಾಣಿ: ನಿಕೊಲಸ್ ಹಿಲಿಯರ್ಡ್

ನಾವು ಮೊದಲ ಸೆಮಿಸ್ಟರಿನಲ್ಲಿ ಡ್ರಾಯಿಂಗ್ ಶೀಟ್ ಹಿಡಿದು ಒದ್ದಾಡಿದ್ದು ಎಲ್ಲರಿಗೂ ನೆನಪಿದೆ. ಒಂದು ಗೆರೆ ಅರ್ಧ ಮಿಲಿಮೀಟರ್ ಜರುಗಿದರೂ ಶೀಟು ವಾಪಸ್! ಈಗ ಐದು ಸೆಂಟಿಮೀಟರ್ ಜಾಗದಲ್ಲಿ ಒಬ್ಬ ರಾಣಿಯ ಮುಖ, ಕೂದಲು, ಕಸೂತಿ, ಮುತ್ತು ಎಲ್ಲಾ ಬರೀಬೇಕು ಅಂದರೆ? ಅದನ್ನೇ ಬದುಕು ಮಾಡಿಕೊಂಡವನು ಇಂಗ್ಲೆಂಡಿನ ನಿಕೊಲಸ್ ಹಿಲಿಯರ್ಡ್.

ಹುಟ್ಟಿದ್ದು ಸುಮಾರು 1547ರಲ್ಲಿ, ಎಕ್ಸಿಟರ್ ಊರಿನಲ್ಲಿ. ಅಪ್ಪ ಅಕ್ಕಸಾಲಿಗ. ರಾಣಿ ಮೇರಿಯ ಕಾಲದಲ್ಲಿ ಪ್ರಾಟೆಸ್ಟೆಂಟರಿಗೆ ಕಷ್ಟ ಬಂದಾಗ, ಜಾನ್ ಬಾಡ್ಲಿ ಎಂಬ ವ್ಯಾಪಾರಿಯ ಕುಟುಂಬದ ಜೊತೆ ಹುಡುಗ ಜಿನೀವಾಕ್ಕೆ ಹೋದ. ಆ ಮನೆಯ ಮಗ ಥಾಮಸ್ಸೇ ಮುಂದೆ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯ ಕಟ್ಟಿದವನು. ವಾಪಸ್ ಬಂದ ಮೇಲೆ, 1562ರಲ್ಲಿ, ರಾಣಿ ಎಲಿಜಬೆತ್‌ಳ ಅಕ್ಕಸಾಲಿಗ ರಾಬರ್ಟ್ ಬ್ರ್ಯಾಂಡನ್ ಬಳಿ ಕೆಲಸ ಕಲಿಯಲು ಸೇರಿದ. ಏಳು ವರ್ಷದ ಅಪ್ರೆಂಟಿಸ್‌ಶಿಪ್. ನಮ್ಮ ಡಿಗ್ರಿಗಿಂತ ಮೂರು ವರ್ಷ ಜಾಸ್ತಿ! ಆಮೇಲೆ ಗುರುವಿನ ಮಗಳು ಆಲಿಸ್‌ಳನ್ನೇ ಮದುವೆಯಾದ.

1572ರಲ್ಲಿ ಅವನು ಬರೆದ ಎಲಿಜಬೆತ್‌ಳ ಪುಟ್ಟ ಚಿತ್ರ ಇಂದಿಗೂ ಲಂಡನ್ನಿನಲ್ಲಿದೆ. ರಾಣಿ ತೋಟದ ಬಯಲಿನಲ್ಲಿ, ಮರದ ನೆರಳೂ ಬೀಳದ ಕಡೆ ಕೂತು ಬರೆಸಿಕೊಂಡಳು ಅಂತ ಅವನೇ ಮುಂದೆ ಬರೆದಿಟ್ಟಿದ್ದಾನೆ. ಮುಖದ ಮೇಲೆ ಗಾಢ ನೆರಳು ಬೇಡ, ಗೆರೆಯೇ ಸಾಕು ಅನ್ನೋದು ಇಬ್ಬರ ಅಭಿಪ್ರಾಯವೂ ಆಗಿತ್ತು.

ಕೆಲಸ ಹೇಗೆ ನಡೀತಿತ್ತು ಅನ್ನೋದು ನಮಗೆ ಇನ್ನೂ ಕುತೂಹಲದ ವಿಷಯ. ತೆಳುವಾದ ಕರುವಿನ ಚರ್ಮವನ್ನು ನುಣುಪು ಮಾಡಿ, ಬಾಗದಿರಲಿ ಅಂತ ಇಸ್ಪೀಟ್ ಎಲೆಯ ಮೇಲೆ ಅಂಟಿಸೋದು. ಬಣ್ಣದ ಪುಡಿ ಅರೆದು ಗೋಂದಿನ ನೀರಿನಲ್ಲಿ ಕಲಸೋದು. ಅಳಿಲಿನ ಕೂದಲಿನ ಕುಂಚ. ಬಟ್ಟೆಯ ನೂಲು ಹಸಿ ಬಣ್ಣದ ಮೇಲೆ ಬೀಳಬಾರದೆಂದು ಬರೆಯುವವನು ರೇಷ್ಮೆ ಉಡಬೇಕು. ಚಿತ್ರದ ಮೇಲೆ ತಲೆಹೊಟ್ಟು, ಎಂಜಲು ಬೀಳದಂತೆ ನೋಡಿಕೊಳ್ಳಬೇಕು. ಒಂಥರಾ ಕ್ಲೀನ್ ರೂಮೇ! ಮುತ್ತಿಗೆ ಬಿಳಿ ಬಣ್ಣದ ಉಬ್ಬಿದ ಹನಿ, ಅದರ ತುದಿಗೆ ಬೆಳ್ಳಿ. ಆ ಬೆಳ್ಳಿಯನ್ನು ಸಣ್ಣ ಪ್ರಾಣಿಯ ಹಲ್ಲಿನಿಂದ ಉಜ್ಜಿ ಹೊಳಪು. ಕೆಂಪು ಹರಳಿಗೆ ಬೆಳ್ಳಿಯ ಮೇಲೆ ಬಣ್ಣ ಕಲಸಿದ ಅಂಟು. ಅಕ್ಕಸಾಲೆಯ ಕಲಿಕೆ ಇಲ್ಲಿ ಪೂರ್ತಿ ಕೈಹಿಡಿಯಿತು.

ಹೆಸರು ಬಂತು, ದುಡ್ಡು ಮಾತ್ರ ನಿಲ್ಲಲಿಲ್ಲ. 1576ರಲ್ಲಿ ಫ್ರಾನ್ಸಿಗೆ ಹೋಗಿ ಎರಡು ವರ್ಷ ದುಡಿದು ಬಂದ. ಸ್ಕಾಟ್‌ಲೆಂಡಿನಲ್ಲಿ ಚಿನ್ನ ಸಿಗುತ್ತೆ ಅಂತ ಹಣ ಹಾಕಿ ಕಳೆದುಕೊಂಡ. ಲಂಡನ್ನಿನ ಗಟರ್ ಲೇನಿನ ಮನೆಯಲ್ಲಿ ಅಂಗಡಿ ನಡೆಸಿದ. ಅಲ್ಲಿ ಕಲಿತ ಐಸಾಕ್ ಆಲಿವರ್ ಮುಂದೆ ಅವನಿಗೇ ಪೈಪೋಟಿಯಾದ. ಅರಮನೆಯಿಂದ ವರ್ಷಕ್ಕೆ 40 ಪೌಂಡ್ ಸಂಬಳ ಗೊತ್ತಾದದ್ದು 1599ರಲ್ಲಿ. ಅಷ್ಟರಲ್ಲಿ ರಾಣಿಗೆ ವಯಸ್ಸು 65 ದಾಟಿತ್ತು, ಅವನ ಚಿತ್ರಗಳಲ್ಲಿ ಮಾತ್ರ ಅವಳು ಇನ್ನೂ ಹುಡುಗಿ! ಅವಳಿಗೆ ಸುಕ್ಕು ಬರೆಯುವ ಹಾಗಿರಲಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನಮ್ಮ ಹಿರಿಯರು ಹೇಳ್ತಾರೆ. ಹಿಲಿಯರ್ಡ್‌ನ ಕೊನೆಯ ಪೆಟ್ಟು ಬಂದದ್ದು ಇನ್ನೊಬ್ಬರ ಕಾಲಿಂದ. ಬೇರೆಯವರ ಸಾಲಕ್ಕೆ ಜಾಮೀನು ನಿಂತು, 1617ರಲ್ಲಿ, ಎಪ್ಪತ್ತರ ಆಸುಪಾಸಿನಲ್ಲಿ, ಲಡ್‌ಗೇಟ್ ಜೈಲಿಗೆ ಹೋಗಬೇಕಾಯಿತು. ಅದೇ ವರ್ಷ ರಾಜ ಜೇಮ್ಸ್ ತನ್ನ ಅಚ್ಚಿನ ಚಿತ್ರಗಳ ಹಕ್ಕನ್ನು ಅವನೊಬ್ಬನಿಗೇ ಕೊಟ್ಟ. 1619ರ ಜನವರಿಯಲ್ಲಿ ಹಿಲಿಯರ್ಡ್ ತೀರಿಕೊಂಡ. ತನ್ನ ಕಲೆಯ ಗುಟ್ಟುಗಳನ್ನೆಲ್ಲ ಬರೆದಿಟ್ಟಿದ್ದ ಹಸ್ತಪ್ರತಿ ಅಚ್ಚಾಗಿದ್ದು 1912ರಲ್ಲಿ.

ಅವನು ಉಜ್ಜಿದ ಬೆಳ್ಳಿ ಈಗ ಕಪ್ಪಾಗಿದೆ, ಕೆನ್ನೆಯ ಕೆಂಪು ಎಷ್ಟೋ ಚಿತ್ರಗಳಲ್ಲಿ ಮಾಸಿದೆ. ಕೂದಲೆಳೆಯಂಥ ಗೆರೆಗಳು ಮಾತ್ರ ಹಾಗೇ ಇವೆ. ಫೋನಿನಲ್ಲಿ ಅವನ ಗುಲಾಬಿಗಳ ನಡುವಿನ ಯುವಕನ ಚಿತ್ರ ಹುಡುಕಿ, ಜೂಮ್ ಮಾಡಿ ನೋಡಿ. ನಾವು ನೋಡಿದೆವು, ಆಮೇಲೆ ನಮ್ಮ ಡ್ರಾಯಿಂಗ್ ಶೀಟ್ ವಾಪಸ್ ಕೊಟ್ಟವರ ಮೇಲಿನ ಸಿಟ್ಟು ಸ್ವಲ್ಪ ಕಡಿಮೆಯಾಯಿತು.