ಬೆಳಗಾವಿಯ ಓಟಗಾರ ಫಡೆಪ್ಪ ಚೌಗುಲೆ

ಗೋವೆಯಿಂದ ಚೋರ್ಲಾ ಘಾಟ್ ಹತ್ತಿ ಹೋದರೆ ಬೆಳಗಾವಿ ಬಹು ದೂರವಿಲ್ಲ. ಒಲಿಂಪಿಕ್ ಮ್ಯಾರಥಾನ್ ಓಟವನ್ನು ಓಡಿ ಮುಗಿಸಿದ ಮೊದಲ ಭಾರತೀಯರಾದ ಫಡೆಪ್ಪ ದರೆಪ್ಪ ಚೌಗುಲೆಯವರು ಆ ಊರಿನವರು. ಅವರು ಹುಟ್ಟಿದ್ದು 1902ರಲ್ಲಿ.

1919ರಲ್ಲಿ ಪುಣೆಯ ಡೆಕ್ಕನ್ ಜಿಮಖಾನಾದ ಕ್ರೀಡಾಕೂಟವನ್ನು ನೋಡಿದ ಸರ್ ದೊರಾಬ್ಜಿ ಟಾಟಾ ಅವರು ಬೆರಗಾದರು. ಅಲ್ಲಿ ಓಡಿದವರಲ್ಲಿ ಹೆಚ್ಚಿನವರು ರೈತಾಪಿ ಜನ. ಕಾಲಿಗೆ ಬೂಟಿಲ್ಲ, ಓಟದ ನಿಯಮಗಳ ಪರಿಚಯವಿಲ್ಲ. ಆದರೂ ಅವರ ಓಟ ಯುರೋಪಿನ ಓಟಗಾರರಿಗೆ ಸರಿಗಟ್ಟುವಂತಿತ್ತು. ಇವರನ್ನು ಒಲಿಂಪಿಕ್ಸಿಗೆ ಕಳುಹಿಸಬೇಕೆಂದು ಟಾಟಾ ನಿಶ್ಚಯಿಸಿದರು. ಆಗ ನಮ್ಮವರಿಗೆ ಈ ವಿದ್ಯೆ ಎಷ್ಟು ಹೊಸದೆಂದರೆ, ನೂರು ಮೀಟರ್ ಓಟಕ್ಕೆ ಎಷ್ಟು ಸಮಯ ಹಿಡಿಯಬಹುದೆಂಬ ಮಾತು ಬಂದಾಗ ಸಮಿತಿಯ ಒಬ್ಬರು ಒಂದೆರಡು ನಿಮಿಷ ಎಂದರಂತೆ!

1920ರಲ್ಲಿ ನಾಲ್ವರು ಓಟಗಾರರು, ಇಬ್ಬರು ಕುಸ್ತಿಪಟುಗಳ ತಂಡ ಹಡಗು ಹತ್ತಿತು. ಇಂಗ್ಲೆಂಡಿನಲ್ಲಿ ಕೆಲವು ವಾರಗಳ ತರಬೇತಿ ಮುಗಿಸಿ ಅವರು ಬೆಲ್ಜಿಯಂ ದೇಶದ ಆಂಟ್‌ವರ್ಪ್ ನಗರಕ್ಕೆ ಬಂದರು. ಹತ್ತು ಸಾವಿರ ಮೀಟರ್ ಓಟದಲ್ಲಿ ಚೌಗುಲೆಯವರು ಮೊದಲ ಸುತ್ತನ್ನು ದಾಟಲಿಲ್ಲ. ಆ ಸ್ಪರ್ಧೆಯನ್ನು ಗೆದ್ದವರು ಫಿನ್ಲೆಂಡಿನ ಪಾವೋ ನೂರ್ಮಿ.

ಸೋತೆನೆಂದು ಚೌಗುಲೆಯವರು ಕೈಚೆಲ್ಲಲಿಲ್ಲ. ಆಗಸ್ಟ್ 22ರಂದು ಮ್ಯಾರಥಾನ್ ನಡೆಯಿತು. ಆ ವರ್ಷದ ದಾರಿ 42.75 ಕಿಲೋಮೀಟರ್; ಈಗಿನ 42.195 ಕಿಲೋಮೀಟರಿಗಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು. ಚಳಿ, ಮಳೆ ಬೇರೆ. ಚೌಗುಲೆಯವರು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಗುರಿ ಮುಟ್ಟಿ 19ನೆಯವರಾದರು. ಮೊದಲಿಗರಾದ ಫಿನ್ಲೆಂಡಿನ ಹಾನ್ನೆಸ್ ಕೊಲೆಹ್ಮೈನೆನ್ ಅವರಿಗೂ ಇವರಿಗೂ ಸುಮಾರು 18 ನಿಮಿಷಗಳ ಅಂತರ.

ಲೆಕ್ಕ ಹಾಕಿ ನೋಡಿ. ಚೌಗುಲೆಯವರ ಓಟ ಕಿಲೋಮೀಟರಿಗೆ ಸರಾಸರಿ ನಾಲ್ಕೇ ನಿಮಿಷ. ಅಂದರೆ 400 ಮೀಟರಿನ ಒಂದು ಸುತ್ತಿಗೆ 96 ಸೆಕೆಂಡು. ಅಂತಹ ಒಂದು ಸುತ್ತನ್ನು ನಮ್ಮಲ್ಲಿ ಹಲವರು ಓಡಬಲ್ಲರು. ಚೌಗುಲೆಯವರು ಓಡಿದ್ದು ಸುಮಾರು 107 ಸುತ್ತುಗಳಷ್ಟು ದೂರ!

ಇಂತಹ ಶಕ್ತಿ ಒಂದೇ ದಿನದಲ್ಲಿ ಬರುವುದಿಲ್ಲ. ಕೊಲೆಹ್ಮೈನೆನ್ 1912ರಲ್ಲೇ ಮೂರು ಚಿನ್ನದ ಪದಕ ಗೆದ್ದವರು. ಅವರ ಬೆನ್ನಿಗೆ ವರ್ಷಗಳ ಅಭ್ಯಾಸವಿತ್ತು. ನಮ್ಮ ತಂಡಕ್ಕೆ ಸಿಕ್ಕ ಕ್ರಮಬದ್ಧ ತರಬೇತಿ ಕೆಲವೇ ವಾರಗಳದು. ಆ ಅಂತರದ ಅರ್ಥ ಈಗ ವಿಜ್ಞಾನದಿಂದ ತಿಳಿಯುತ್ತದೆ. ಮಾತನಾಡುತ್ತಲೇ ಓಡಬಹುದಾದ ನಿಧಾನ ಗತಿಯಲ್ಲಿ ತಿಂಗಳುಗಟ್ಟಲೆ ಓಡಿದರೆ ಹೃದಯ ಪ್ರತಿ ಬಡಿತಕ್ಕೂ ಹೆಚ್ಚು ರಕ್ತವನ್ನು ನೂಕಬಲ್ಲದು. ಸ್ನಾಯುಗಳಲ್ಲಿ ಸೂಕ್ಷ್ಮ ರಕ್ತನಾಳಗಳು ಹೆಚ್ಚುತ್ತವೆ. ಅದರ ಜೊತೆಗೆ ವಾರಕ್ಕೆ ಒಂದೆರಡು ದಿನ ವೇಗದ ಓಟ, ನಡುನಡುವೆ ವಿರಾಮ ಇರಬೇಕು. ಸ್ನಾಯು ಬಲಗೊಳ್ಳುವುದು ಓಡುವಾಗಲ್ಲ, ಓಟದ ಅನಂತರದ ವಿಶ್ರಾಂತಿ ಮತ್ತು ನಿದ್ರೆಯಲ್ಲಿ. ದೂರವನ್ನು ಒಮ್ಮೆಗೇ ಹೆಚ್ಚಿಸಿದರೆ ಮೂಳೆ, ಸ್ನಾಯುರಜ್ಜುಗಳಿಗೆ ಪೆಟ್ಟಾಗುತ್ತದೆ.

ನೂರ್ಮಿ ಕೈಯಲ್ಲಿ ಗಡಿಯಾರ ಹಿಡಿದು ಓಡುವುದಕ್ಕೆ ಹೆಸರಾದರು. ಮೊದಲಿಂದ ಕೊನೆಯವರೆಗೆ ಒಂದೇ ಗತಿ ಕಾಯ್ದುಕೊಳ್ಳುವುದು ಅವರ ಗುಟ್ಟು. ಮೊದಲ ಸುತ್ತಿನಲ್ಲೇ ಕುದುರೆಯಂತೆ ಓಡಿ ಮೂರನೆಯ ಸುತ್ತಿನಲ್ಲಿ ಕುಳಿತುಬಿಡುವ ಮಕ್ಕಳು ಇದನ್ನು ನೆನಪಿಡಬೇಕು. ನಮ್ಮ ಗೋವೆಯ ಹವೆಯಲ್ಲಿ ತೇವ ಹೆಚ್ಚು. ಬೆವರು ಬೇಗ ಆರದೆ ಮೈ ಕಾವೇರುತ್ತದೆ. ಆದ್ದರಿಂದ ಬೆಳಗಿನ ತಂಪಿನಲ್ಲೇ ಓಡಬೇಕು, ನೀರು ಕುಡಿಯುತ್ತಿರಬೇಕು.

ಚೌಗುಲೆಯವರು 1952ರಲ್ಲಿ ತೀರಿಕೊಂಡರು. ಪದಕ ಅವರಿಗೆ ದಕ್ಕಲಿಲ್ಲ. ಆದರೆ ಅವರ ತಂಡ ಹೋಗಿಬಂದ ದಾರಿಯಲ್ಲೇ ಭಾರತದ ಒಲಿಂಪಿಕ್ ಚಳವಳಿ ಬೆಳೆಯಿತು. 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ಸ್ಥಾಪನೆಯಾಯಿತು.

ಪಾಲಕರೇ, ಓಡುವ ಮಗುವಿಗೆ ಓದು ಕೆಟ್ಟೀತೆಂದು ಅಂಜಬೇಡಿ. ಹೊಟ್ಟೆ ತುಂಬ ಊಟ, ಕಣ್ಣು ತುಂಬ ನಿದ್ರೆ ಕೊಡಿ. ವಿದ್ಯಾರ್ಥಿ ಮಿತ್ರರೇ, ಗೆಲ್ಲುವವನು ಒಬ್ಬನೇ. ಆದರೆ ಹಿಡಿದ ಓಟವನ್ನು ಮುಗಿಸುವುದು ಅಭ್ಯಾಸವಿರುವ ಎಲ್ಲರಿಗೂ ಸಾಧ್ಯ. ನಾಳೆ ಬೆಳಿಗ್ಗೆ ಒಂದು ಸುತ್ತಿನಿಂದ ಆರಂಭಿಸಿ.