ಸಂತ ಶಿಶುನಾಳ ಶರೀಫರು: ಕೇಳಿ ತಿಳಿದವರು

ನಮ್ಮ ಹಾನಗಲ್ ತಾಲೂಕಿನ ಆಡೂರಿನಿಂದ ಶಿಗ್ಗಾಂವಿ ತಾಲೂಕಿನ ಶಿಶುನಾಳ ಬಹಳ ದೂರವೇನಲ್ಲ. ಶರೀಫ ಸಾಹೇಬರ ಪದ ಕೇಳದವರು ಈ ಭಾಗದಲ್ಲಿ ವಿರಳ. ಆದರೆ ಅವರ ಹೆಸರು ಬಂದಾಗಲೆಲ್ಲ ಒಂದು ವಾದವೂ ಹುಟ್ಟುತ್ತದೆ. ಅವರು ಮುಸಲ್ಮಾನರೋ, ಹಿಂದೂಗಳೋ? ಇಂಥ ವಾದದಲ್ಲಿ ದನಿ ಏರಿಸುವವರು ಹೆಚ್ಚು, ಆಧಾರ ನೋಡುವವರು ಕಡಿಮೆ. ವಿದ್ಯಾರ್ಥಿ ಮಿತ್ರರೇ, ಅವರ ಜೀವನವನ್ನೇ ಸ್ವಲ್ಪ ನೋಡೋಣ.

ಶರೀಫರು 1819ರಲ್ಲಿ ಜನಿಸಿದರು. ತಂದೆ ಇಮಾಮ ಸಾಹೇಬರು, ತಾಯಿ ಹಜ್ಜುಮಾ. ತಂದೆಯವರು ಹುಲಗೂರಿನ ಸೂಫಿ ಸಂತ ಹಜರೇಶ ಖಾದರಿಯವರ ಭಕ್ತರು. ಮನೆಯಲ್ಲಿ ಇಸ್ಲಾಮಿನ ಆಚರಣೆ ಇತ್ತು. ಜೊತೆಗೆ ರಾಮಾಯಣ, ಮಹಾಭಾರತ, ಅಲ್ಲಮಪ್ರಭುಗಳ ವಿಚಾರಗಳೂ ಬಾಲಕನ ಕಿವಿಗೆ ಬಿದ್ದವು. ಓದು ಮುಗಿಸಿ ಕೆಲಕಾಲ ಶಾಲಾ ಮಾಸ್ತರರಾಗಿ ದುಡಿದರು. ಆದರೆ ಕಲಿತ ವಿದ್ಯೆಯಿಂದ ಮನಸ್ಸಿಗೆ ಸಮಾಧಾನವಾಗಲಿಲ್ಲ. ತಮ್ಮ ಸಂಶಯಗಳಿಗೆ ಉತ್ತರ ಹುಡುಕುತ್ತ ಹೊರಟರು.

ಕಳಸದ ಗೋವಿಂದಭಟ್ಟರು ಅವರ ಗುರುಗಳಾದರು. ಭಟ್ಟರು ಬ್ರಾಹ್ಮಣರಾದರೂ ಜಾತಿಯ ಕಟ್ಟುಪಾಡಿಗೆ ಒಳಗಾದವರಲ್ಲ. ಮೊದಲ ಭೇಟಿಯಲ್ಲಿ ಅವರು ಶರೀಫರಿಗೆ ನಿನ್ನ ಅಪ್ಪ ಯಾರು ಎಂದು ಕೇಳಿದರಂತೆ. ನಿಮ್ಮ ಅಪ್ಪ ಯಾರೋ ನನ್ನ ಅಪ್ಪನೂ ಅವನೇ ಎಂದು ಶರೀಫರು ಉತ್ತರಿಸಿದರಂತೆ. ಇದು ಜನ ಹೇಳುತ್ತ ಬಂದ ಕಥೆ. ಈ ಗುರುಶಿಷ್ಯ ಸಂಬಂಧವನ್ನು ಎರಡೂ ಕಡೆಯ ಜನ ಆಕ್ಷೇಪಿಸಿದರು ಎಂದೂ ಹೇಳುತ್ತಾರೆ. ಮಡದಿ, ಮಗಳನ್ನು ಕಳೆದುಕೊಂಡ ದುಃಖದಲ್ಲೂ ಶರೀಫರು ಗುರುವಿನ ಕೈ ಬಿಡಲಿಲ್ಲ.

ಗುರುಗಳು ಶರೀಫರಿಗೆ ಜನಿವಾರ ಹಾಕಿದರು ಎಂಬ ಮಾತಿಗೆ ಶರೀಫರ ತತ್ವಪದದಲ್ಲೇ ಆಧಾರವಿದೆ. ಅವರು ಹಿಂದೂ ಆದರು ಎನ್ನುವವರು ಇದನ್ನು ಮುಂದಿಡುತ್ತಾರೆ. ಆದರೆ ಆ ಪದದಲ್ಲಿ ಜನಿವಾರವೆಂದರೆ ಗುರು ಕೊಟ್ಟ ಅರಿವಿನ ಗುರುತು, ಜಾತಿಯ ಗುರುತಲ್ಲ. ಅದೇ ಶರೀಫರು ಮೊಹರಮ್ಮಿನ ಪದಗಳನ್ನೂ ರಚಿಸಿದ್ದಾರೆ, ತಂದೆತಾಯಿ ಇಟ್ಟ ಹೆಸರನ್ನು ಕೊನೆಯವರೆಗೂ ಉಳಿಸಿಕೊಂಡಿದ್ದಾರೆ. ಅವರ ಅಂಕಿತವಾದರೋ ಊರ ದೇವರ ಹೆಸರಿನ ಶಿಶುನಾಳಧೀಶ. ಒಂದು ಪದ ತೋರಿಸಿ ಇನ್ನೊಂದನ್ನು ಮುಚ್ಚಿಡುವುದು ಪ್ರಾಮಾಣಿಕ ವಾದವಲ್ಲ. ಅದು ಯಾವ ಕಡೆಯವರು ಮಾಡಿದರೂ ತಪ್ಪೇ.

ಇನ್ನೊಂದು ಎಚ್ಚರಿಕೆಯೂ ಬೇಕು. ಶರೀಫರ ಪದಗಳು ಬಹುಕಾಲ ಬಾಯಿಂದ ಬಾಯಿಗೆ ಬಂದವು. ಹಾಡುವವರಿಂದ ಹಾಡುವವರಿಗೆ ಪಾಠ ಬದಲಾಗುತ್ತದೆ. ಟಿ. ಎಸ್. ನಾಗಾಭರಣರ 1990ರ ಚಲನಚಿತ್ರ ಅವರನ್ನು ಮನೆಮನೆಗೆ ತಲುಪಿಸಿತು. ಆದರೆ ಚಿತ್ರದ ದೃಶ್ಯ ಬೇರೆ, ಇತಿಹಾಸದ ದಾಖಲೆ ಬೇರೆ. ಕೇಳಿದ್ದು, ಕಂಡದ್ದು, ಆಧಾರವಿರುವುದು ಇವುಗಳ ವ್ಯತ್ಯಾಸ ತಿಳಿಯುವುದೇ ವಿದ್ಯೆ.

ಪ್ರಶ್ನೆ ಕೇಳಿದರೆ ಈಮಾನ್ ಕೆಡುತ್ತದೆಂದು ಕೆಲವರು ಹೆದರುತ್ತಾರೆ. ಪ್ರವಾದಿ ಇಬ್ರಾಹೀಮರು (ಅ.ಸ.) ನಂಬಿಕೆಯಿದ್ದೂ ಮನಸ್ಸಿನ ಸಮಾಧಾನಕ್ಕಾಗಿ, ಸತ್ತವರಿಗೆ ಹೇಗೆ ಜೀವ ಕೊಡುವೆ ಎಂದು ಅಲ್ಲಾಹನನ್ನೇ ಕೇಳಿದರು. ಪೂರ್ವಜರು ಮಾಡುತ್ತಿದ್ದರು ಎಂಬುದಷ್ಟೇ ಆಧಾರವಾಗದು ಎಂದು ಪವಿತ್ರ ಕುರ್‌ಆನ್ ಹಲವೆಡೆ ಎಚ್ಚರಿಸುತ್ತದೆ, ವಾದಿಸುವವರಿಂದ ಪುರಾವೆ ಕೇಳುತ್ತದೆ. ಈ ಮಾತನ್ನು ಎದುರಾಳಿಗೆ ಹೇಳುವ ಮೊದಲು ನಮಗೆ ನಾವೇ ಹೇಳಿಕೊಳ್ಳಬೇಕು.

1889ರಲ್ಲಿ ಶರೀಫರು ತೀರಿಕೊಂಡಾಗ ಎರಡೂ ಧರ್ಮದ ವಿಧಿಗಳು ನಡೆದವೆಂದು ಹೇಳುತ್ತಾರೆ. ಶಿಶುನಾಳದ ಅವರ ಗದ್ದುಗೆಗೆ ಇಂದಿಗೂ ಎರಡೂ ಕಡೆಯವರು ಬರುತ್ತಾರೆ. ಸೋರುವ ಮಾಳಿಗೆಯನ್ನು ತೋರಿಸಿ ಅವರು ಅಜ್ಞಾನದ ಮಾತು ಹೇಳಿದರು. ನೆರೆಮನೆಯ ಮಾಳಿಗೆ ನೋಡಿ ನಗುವ ಮೊದಲು ನಮ್ಮ ಮಾಳಿಗೆ ಎಲ್ಲಿ ಸೋರುತ್ತಿದೆ ಎಂದು ನೋಡಿಕೊಳ್ಳೋಣ. ಅಲ್ಲಾಹನು ನಮಗೆಲ್ಲ ಸರಿಯಾದ ತಿಳುವಳಿಕೆ ಕೊಡಲಿ, ಆಮೀನ್.