ವೇಗದ ಸರದಾರನ ಮನೆಯ ಮೌನ

ಇಟಲಿಯ ಉತ್ತರ ಭಾಗದಲ್ಲಿ, ಸರೋವರಗಳ ಮಡಿಲಿನಲ್ಲಿ, ಮಾಂಟುವಾ ಎಂಬ ಪುರಾತನ ನಗರವಿದೆ. ಆ ನಗರದ ಸ್ಮಶಾನಭೂಮಿಯಲ್ಲಿರುವ ಒಂದು ಕುಟುಂಬದ ಸಮಾಧಿಯಲ್ಲಿ ತಂದೆ ಹಾಗೂ ಅವರ ಇಬ್ಬರು ಗಂಡುಮಕ್ಕಳು ಚಿರನಿದ್ರೆಯಲ್ಲಿದ್ದಾರೆ. ಮಕ್ಕಳೇ ಮೊದಲು ಅಲ್ಲಿಗೆ ಹೋದವರು; ತಂದೆ ಹೋದದ್ದು ಅನಂತರ. ತಮ್ಮ ಕಾಲದಲ್ಲಿ ಕಾರು ಓಡಿಸುವುದರಲ್ಲಿ ಸರಿಸಾಟಿಯಿಲ್ಲದವರೆಂದು ಹೆಸರಾಗಿದ್ದ ಆ ತಂದೆ ಈ ಒಂದು ದಾರಿಯಲ್ಲಿ ಮಾತ್ರ ಮಕ್ಕಳಿಗಿಂತ ಹಿಂದೆ ಬಿದ್ದರು. ಅವರೇ ತಾಜಿಯೊ ನುವೊಲಾರಿ.

1892ರ ನವೆಂಬರ್ 16ರಂದು ಮಾಂಟುವಾ ಸಮೀಪದ ಕಾಸ್ತೆಲ್ ದಾರಿಯೊ ಎಂಬ ಊರಿನಲ್ಲಿ, ಬೇಸಾಯಗಾರರ ಮನೆತನದಲ್ಲಿ ನುವೊಲಾರಿ ಜನಿಸಿದರು. ಚಿಕ್ಕಪ್ಪ ಜುಸೆಪ್ಪೆ ಸೈಕಲ್ ಪಂದ್ಯಗಳಲ್ಲಿ ಹೆಸರು ಮಾಡಿದ್ದವರು. ಚಕ್ರಗಳ ಮೋಹ ಬಾಲಕನಿಗೆ ಹತ್ತಿದ್ದು ಅವರಿಂದಲೇ. ಮೊದಲ ಮಹಾಯುದ್ಧದಲ್ಲಿ ಸೈನ್ಯದ ವಾಹನ ಚಾಲಕರಾಗಿ ದುಡಿದ ನುವೊಲಾರಿಯವರು 1917ರಲ್ಲಿ ಕರೊಲಿನಾ ಪೆರಿನಾ ಅವರನ್ನು ವರಿಸಿದರು. ಮರುವರ್ಷ ಹಿರಿಯ ಮಗ ಜಾರ್ಜೊ ಹುಟ್ಟಿದ. ಕಿರಿಯವನಾದ ಆಲ್ಬೆರ್ತೊ ಹುಟ್ಟಿದ್ದು 1928ರಲ್ಲಿ.

1920ರಲ್ಲಿ ಅವರು ಮೋಟಾರ್ ಸೈಕಲ್ ಸ್ಪರ್ಧೆಗೆ ಇಳಿದಾಗ ವಯಸ್ಸು ಇಪ್ಪತ್ತೇಳು. ಮನೆಯಲ್ಲಿ ಮಡದಿಯೂ ಪುಟ್ಟ ಮಗುವೂ ಇದ್ದರು. ಹೊಣೆಯರಿಯದ ಹುಡುಗಾಟದ ಪ್ರಾಯದಲ್ಲಲ್ಲ, ಸಂಸಾರಸ್ಥರಾದ ಮೇಲೆ ಅವರು ಈ ಅಪಾಯದ ದಾರಿಯನ್ನು ಆರಿಸಿಕೊಂಡರೆಂಬುದನ್ನು ನಾವು ಮರೆಯಲಾಗದು. 1925ರಲ್ಲಿ ಮೊಂಜಾದಲ್ಲಿ ಆಲ್ಫಾ ರೋಮಿಯೊ ಕಾರನ್ನು ಪರೀಕ್ಷಿಸುತ್ತಿದ್ದಾಗ ಭೀಕರ ಅಪಘಾತವಾಯಿತು. ಹಾಸಿಗೆ ಬಿಟ್ಟೇಳಬಾರದೆಂದು ವೈದ್ಯರು ವಿಧಿಸಿದರು. ಆದರೆ ಕೆಲವೇ ದಿನಗಳಲ್ಲಿ ಮೈತುಂಬ ಪಟ್ಟಿ ಕಟ್ಟಿಸಿಕೊಂಡು, ಇತರರಿಂದ ಎತ್ತಿಸಿಕೊಂಡು ಮೋಟಾರ್ ಸೈಕಲ್ ಏರಿ, ಅದೇ ಮೊಂಜಾದ ಸ್ಪರ್ಧೆಯನ್ನು ಅವರು ಗೆದ್ದರು.

ಕೃಶವಾದ, ಗಿಡ್ಡನೆಯ ದೇಹ. ಹಳದಿ ಅಂಗಿ, ನೀಲಿ ಷರಾಯಿ. ಈ ವೇಷವನ್ನು ಕಂಡೊಡನೆ ಇಟಲಿಯ ಜನ ರಸ್ತೆಯ ಇಕ್ಕೆಲಗಳಲ್ಲಿ ಹರ್ಷೋದ್ಗಾರ ಮಾಡುತ್ತಿದ್ದರು. ಬ್ರೆಶಿಯಾ ನಗರದಿಂದ ರೋಮಿಗೆ ಹೋಗಿ ಮರಳುವ ಸಾವಿರ ಮೈಲಿಗಳ ಮಿಲ್ಲೆ ಮಿಲಿಯಾ ಸ್ಪರ್ಧೆಯನ್ನು 1930ರಲ್ಲಿ ಅವರು ಗೆದ್ದಾಗ, ಅದರ ಚರಿತ್ರೆಯಲ್ಲಿ ಮೊದಲ ಬಾರಿಗೆ ಸರಾಸರಿ ವೇಗ ಗಂಟೆಗೆ 100 ಕಿಲೋಮೀಟರನ್ನು ದಾಟಿತು. 1931 ಮತ್ತು 1932ರಲ್ಲಿ ಸಿಸಿಲಿಯ ತಾರ್ಗಾ ಫ್ಲೋರಿಯೊ, 1933ರಲ್ಲಿ ಫ್ರಾನ್ಸಿನ ಲ ಮಾನ್‌ನ ಇಪ್ಪತ್ತನಾಲ್ಕು ಗಂಟೆಗಳ ಸ್ಪರ್ಧೆ ಅವರ ವಶವಾದವು. 1935ರ ಜುಲೈ 28ರಂದು ಜರ್ಮನಿಯ ನ್ಯೂರ್‌ಬುರ್ಗ್‌ರಿಂಗ್‌ನಲ್ಲಿ, ತಮ್ಮದಕ್ಕಿಂತ ಎಷ್ಟೋ ಬಲಿಷ್ಠವಾದ ಮರ್ಸಿಡಿಸ್ ಮತ್ತು ಆಟೊ ಯೂನಿಯನ್ ಸಂಸ್ಥೆಗಳ ಒಂಬತ್ತು ಕಾರುಗಳನ್ನು ಹಿಂದಿಕ್ಕಿ ಅವರು ಗೆದ್ದದ್ದು ಇಂದಿಗೂ ಚರಿತ್ರೆಯ ಮಾತಾಗಿದೆ. ಆಗ ಅವರ ವಯಸ್ಸು ನಲವತ್ತೆರಡು.

1932ರಲ್ಲಿ ಕವಿ ಗೇಬ್ರಿಯೆಲೆ ದನ್ನುಂಜಿಯೊ ಅವರಿಗೆ ಒಂದು ಪುಟ್ಟ ಚಿನ್ನದ ಆಮೆಯನ್ನು ಕಾಣಿಕೆಯಾಗಿ ನೀಡಿದ್ದರು. ಅತಿ ವೇಗದ ಮನುಷ್ಯನಿಗೆ ಅತಿ ನಿಧಾನದ ಪ್ರಾಣಿ ಎಂಬುದು ಕವಿಯ ಚಮತ್ಕಾರ. ನುವೊಲಾರಿಯವರು ಆ ಆಮೆಯನ್ನು ಶುಭಚಿಹ್ನೆಯೆಂದು ಎದೆಯ ಮೇಲೆ ಧರಿಸತೊಡಗಿದರು. ಅದರೊಳಗೆ ಕವಿಯೂ ಊಹಿಸಿರದ ಒಂದು ಪಾಠ ಅಡಗಿತ್ತೆಂದು ನನಗೆ ತೋರುತ್ತದೆ.

1936ರಲ್ಲಿ ನ್ಯೂಯಾರ್ಕಿನಲ್ಲಿ ವಾಂಡರ್‌ಬಿಲ್ಟ್ ಕಪ್ ಗೆದ್ದಿದ್ದ ಅವರು, 1937ರ ಬೇಸಗೆಯಲ್ಲಿ ಅದೇ ಸ್ಪರ್ಧೆಗಾಗಿ ನಾರ್ಮಂಡಿ ಎಂಬ ಹಡಗನ್ನೇರಿದರು. ಅಟ್ಲಾಂಟಿಕ್ ಸಾಗರದ ನಡುವೆ ತಂತಿವಾರ್ತೆ ಬಂದಿತು. ಹೃದಯದ ಕಾಯಿಲೆಯಿಂದ ನರಳುತ್ತಿದ್ದ ಜಾರ್ಜೊ ತೀರಿಕೊಂಡಿದ್ದ. ವಯಸ್ಸು ಹದಿನೆಂಟು. ಆ ಕಾಲದ ಅತಿ ವೇಗದ ಹಡಗುಗಳಲ್ಲಿ ಒಂದಾಗಿದ್ದ ನಾರ್ಮಂಡಿ ಆ ತಂದೆಯನ್ನು ಗಂಟೆಗಂಟೆಗೂ ಮಗನ ಶವಪೆಟ್ಟಿಗೆಯಿಂದ ಇನ್ನಷ್ಟು ದೂರಕ್ಕೆ ಒಯ್ಯುತ್ತಿತ್ತು. ಹಿಂದಿರುಗುವ ಮಾರ್ಗವಿರಲಿಲ್ಲ. ಅವರು ಅಮೆರಿಕವನ್ನು ತಲುಪಿದರು, ಸ್ಪರ್ಧೆಯಲ್ಲಿ ಪಾಲ್ಗೊಂಡರು, ಕಾರು ಕೈಕೊಟ್ಟಿತು. ಮನೆಗೆ ಬಂದಾಗ ಮಗನ ಕೋಣೆ ಬರಿದಾಗಿತ್ತು.

ಆಮೇಲೂ ಗೆಲುವುಗಳು ಬಂದವು. 1938ರಲ್ಲಿ ಆಟೊ ಯೂನಿಯನ್ ಕಾರಿನಲ್ಲಿ ಇಟಲಿಯ ಮತ್ತು ಇಂಗ್ಲೆಂಡಿನ ಡಾನಿಂಗ್ಟನ್ನಿನ ಗ್ರ್ಯಾನ್ ಪ್ರೀ ಗೆದ್ದರು. 1939ರ ಸೆಪ್ಟೆಂಬರ್ 3ರಂದು, ಬ್ರಿಟನ್ ಮತ್ತು ಫ್ರಾನ್ಸ್ ಜರ್ಮನಿಯ ವಿರುದ್ಧ ಯುದ್ಧ ಸಾರಿದ ದಿನವೇ, ಬೆಲ್‌ಗ್ರೇಡಿನಲ್ಲಿ ಗೆದ್ದರು. ಬಳಿಕ ಯುದ್ಧವು ಎಲ್ಲ ಸ್ಪರ್ಧೆಗಳನ್ನೂ ನಿಲ್ಲಿಸಿತು. ಯುದ್ಧ ಮುಗಿದು, ಮನೆಗಳಲ್ಲಿ ಮತ್ತೆ ದೀಪ ಹೊತ್ತುವ ವೇಳೆಗೆ, 1946ರ ಏಪ್ರಿಲಿನಲ್ಲಿ, ಕಿರಿಯ ಮಗ ಆಲ್ಬೆರ್ತೊ ಮೂತ್ರಪಿಂಡದ ರೋಗದಿಂದ ಮರಣ ಹೊಂದಿದ. ಅವನ ವಯಸ್ಸೂ ಹದಿನೆಂಟೇ.

ಐವತ್ತಮೂರರ ಆ ತಂದೆ ಮತ್ತೆ ಕಾರು ಹತ್ತಿದರು. ವರ್ಷಗಳ ಕಾಲ ಸೇವಿಸಿದ ಇಂಜಿನ್ನಿನ ಹೊಗೆಯಿಂದ ಅವರ ಶ್ವಾಸಕೋಶ ಕೆಟ್ಟಿತ್ತು; ರಕ್ತ ಕಾರುತ್ತಿದ್ದರು. ಹೀಗಿದ್ದೂ ಬಿಡಲಿಲ್ಲ. ಚಕ್ರದ ಹಿಂದೆಯೇ ಸಾವನ್ನು ಅರಸುತ್ತಿದ್ದಾರೆಂದು ಹಲವರು ಭಾವಿಸಿದರು. ಮನುಷ್ಯನ ಅಂತರಂಗವನ್ನು ದೇವರೊಬ್ಬನೇ ಬಲ್ಲ. ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಎರಡು ಮಂಚಗಳು ಬರಿದಾದ ಮನೆಯಲ್ಲಿ ಸುಮ್ಮನೆ ಕುಳಿತಿರುವುದು ಅವರಿಗೆ ಗಂಟೆಗೆ ಇನ್ನೂರು ಕಿಲೋಮೀಟರ್ ವೇಗಕ್ಕಿಂತ ಭಯಂಕರವಾಗಿದ್ದಿರಬಹುದು. ಆ ಮನೆಯಲ್ಲಿ ಉಳಿದವರು ಕರೊಲಿನಾ. ಆ ತಾಯಿಗೆ ಓಡಿಹೋಗಲು ಯಾವ ಕಾರೂ ಇರಲಿಲ್ಲ ಎಂಬುದನ್ನು ಚರಿತ್ರಕಾರರು ಬರೆಯುವುದು ಕಡಿಮೆ.

1948ರ ಮಿಲ್ಲೆ ಮಿಲಿಯಾದಲ್ಲಿ ಐವತ್ತೈದರ ನುವೊಲಾರಿ ಫೆರಾರಿ ಕಾರನ್ನು ಓಡಿಸಿದರು. ದಾರಿಯಲ್ಲಿ ಚಕ್ರದ ಮೇಲಿನ ತಗಡು ಕಳಚಿತು, ಇಂಜಿನ್ನಿನ ಮುಚ್ಚಳ ಹಾರಿಹೋಯಿತು, ಆಸನವೂ ಮುರಿಯಿತು. ಆದರೂ ಎಲ್ಲರಿಗಿಂತ ಬಹಳ ಮುಂದಿದ್ದರು. ರೆಜ್ಜೊ ಎಮಿಲಿಯಾ ಪಟ್ಟಣದ ಬಳಿ ಕಾರಿನ ಸ್ಪ್ರಿಂಗ್ ಭಾಗ ಮುರಿದು, ಮುಂದೆ ಹೋಗಲಾಗಲಿಲ್ಲ. ದಣಿದು ಸೋತ ಅವರು ಅಲ್ಲಿನ ಧರ್ಮಗುರುಗಳ ಬಳಿ ಹೋಗಿ, ಸ್ವಲ್ಪ ಹೊತ್ತು ಮಲಗಲು ಒಂದು ಹಾಸಿಗೆಯನ್ನು ಬೇಡಿದರು.

ಒಬ್ಬ ವಿಚಾರಣಾ ಗುರುವಾಗಿ ಈ ಪ್ರಸಂಗವನ್ನು ನಾನು ಪದೇ ಪದೇ ನೆನೆಯುತ್ತೇನೆ. ಚಲನೆ ತನ್ನಷ್ಟಕ್ಕೆ ತಾನು ಪೂರ್ಣವಲ್ಲ, ಅದು ಇನ್ನೊಂದರ ಕಡೆಗೆ ಸಾಗುವ ಅಪೂರ್ಣ ಸ್ಥಿತಿ ಎಂದು ಅರಿಸ್ಟಾಟಲ್ ತಿಳಿಸಿದ್ದನ್ನೂ, ಸಂತ ಥಾಮಸ್ ಅಕ್ವಿನಾಸರು ಅದನ್ನು ಮುಂದುವರಿಸಿದ್ದನ್ನೂ ಗುರುಮಠದಲ್ಲಿ ಓದಿದ್ದೆವು. ಆ ಪಾಠದ ಅರ್ಥ ನನಗೆ ಆಗಿದ್ದು ಪುಸ್ತಕದಲ್ಲಲ್ಲ, ಈ ದಣಿದ ತಂದೆಯ ಚಿತ್ರದಲ್ಲಿ. ಸಾವಿರ ಮೈಲಿ ಓಡಲು ಹೊರಟ ಮನುಷ್ಯ ಕೊನೆಗೆ ಕೇಳಿದ್ದು ಪದಕವನ್ನಲ್ಲ, ಒಂದು ಮನೆಯ ಹಾಸಿಗೆಯನ್ನು.

1950ರ ಏಪ್ರಿಲಿನಲ್ಲಿ ಪಲೆರ್ಮೊ ಬಳಿಯ ಬೆಟ್ಟದ ಸ್ಪರ್ಧೆಯೇ ಅವರ ಕೊನೆಯದು. ಪಾರ್ಶ್ವವಾಯು ಬಡಿದು 1953ರ ಆಗಸ್ಟ್ 11ರಂದು ಮಾಂಟುವಾದ ತಮ್ಮ ಮನೆಯಲ್ಲಿ ನಿಧನರಾದರು. ರಸ್ತೆಯಲ್ಲಿ ನೂರಾರು ಬಾರಿ ಎದುರಾದ ಸಾವು ಅವರನ್ನು ಮುಟ್ಟಿದ್ದು ಹಾಸಿಗೆಯಲ್ಲಿ. ಅವರ ಇಚ್ಛೆಯಂತೆ ಹಳದಿ ಅಂಗಿಯನ್ನೂ ನೀಲಿ ಷರಾಯಿಯನ್ನೂ ತೊಡಿಸಲಾಯಿತು. ಶವಪೆಟ್ಟಿಗೆಯನ್ನು ಕಾರಿನ ಅಡಿಚೌಕಟ್ಟಿನ ಮೇಲಿರಿಸಿ ಮೆರವಣಿಗೆ ಹೊರಟಿತು. ಆಸ್ಕಾರಿ, ವಿಲ್ಲೊರೆಸಿ, ಫಾಂಜಿಯೊ ಮುಂತಾದ ಹೆಸರಾಂತ ಚಾಲಕರು ಜತೆಯಲ್ಲಿ ನಡೆದರು. ಸಾವಿರಾರು ಜನರ ನಡುವೆ ಆ ವಾಹನ ಆಮೆಯ ನಡಿಗೆಯಲ್ಲಿ ಸಾಗಿ, ಅವರನ್ನು ಜಾರ್ಜೊ ಮತ್ತು ಆಲ್ಬೆರ್ತೊ ಇದ್ದಲ್ಲಿಗೆ ತಲುಪಿಸಿತು. ಅವರು ನಿಜವಾಗಿ ಸೇರಬೇಕಾಗಿದ್ದ ಸ್ಥಳಕ್ಕೆ ವೇಗ ಬೇಕಾಗಿರಲಿಲ್ಲ.

ಪ್ರಿಯ ಓದುಗರೇ, ದೂರದ ಊರುಗಳಲ್ಲಿ ದುಡಿಯುವ ತಂದೆಯರು ನಮ್ಮಲ್ಲಿಯೂ ಅನೇಕರಿದ್ದಾರೆ. ಮನೆಯವರಿಗಾಗಿಯೇ ಓಡುತ್ತಾರೆ, ಓಡುತ್ತ ಓಡುತ್ತ ಮನೆಯಿಂದ ದೂರವಾಗುತ್ತಾರೆ. ಅವರನ್ನು ದೂಷಿಸಲು ಇದನ್ನು ಬರೆದಿಲ್ಲ. ಇಂದು ರಾತ್ರಿ ಊಟಕ್ಕೆ ಕುಳಿತಾಗ ಎದುರಿಗಿರುವ ಮಕ್ಕಳ ಮುಖವನ್ನು ಒಂದು ಗಳಿಗೆ ಹೆಚ್ಚು ನೋಡಿ. ದೂರವಿರುವವರು ಪತ್ರವನ್ನೋ ದೂರವಾಣಿ ಕರೆಯನ್ನೋ ನಾಳೆಗೆ ಮುಂದೂಡದಿರಿ. ಮಕ್ಕಳನ್ನು ಕಳೆದುಕೊಂಡ ತಂದೆತಾಯಿಯರಿಗಾಗಿ, ನುವೊಲಾರಿ ದಂಪತಿಗಳನ್ನೂ ನೆನೆದು, ಒಂದು ಪ್ರಾರ್ಥನೆ ಸಲ್ಲಿಸಿ.